ಗಾಜಿನಾಚೆಯ ಎರಡು ಬೆರಳು

ಹಲೋ ಅಕ್ಕ ತೀರಿಕೊಂಡ ದಿನ ಅವಳ ಮನೆಯ ಮುಂದೆ ಸೇರಿದವರಲ್ಲಿ ಅರ್ಧದಷ್ಟು ಜನ ಅವಳನ್ನು ಮೊದಲ ಸಲ ನೋಡುತ್ತಿದ್ದರು. ಅವರಿಗೆ ಪರಿಚಯವಿದ್ದದ್ದು ಧ್ವನಿ ಮಾತ್ರ. "ಇಷ್ಟೇ ಇಷ್ಟು ಇದ್ರಾ ಇವ್ರು?" ಎಂದು ಯಾರೋ ಮೆಲ್ಲಗೆ ಕೇಳಿದರು. ಫೋನಿನಲ್ಲಿ ಅವಳು ಎತ್ತರದ, ದಪ್ಪ ಮೈಯ, ಯಾವುದಕ್ಕೂ ಅವಸರವಿಲ್ಲದ ಹೆಂಗಸಿನ ಹಾಗೆ ಕೇಳಿಸುತ್ತಿದ್ದಳು. ಮಲಗಿಸಿದ್ದ ಹೆಂಗಸು ನೋಡಿದರೆ ಶಾಲೆಗೆ ಹೋಗುವ ಹುಡುಗಿಯಷ್ಟಿದ್ದಳು. ಅವಳ ಬಗ್ಗೆ ಒಳ್ಳೆಯ ಮಾತು ಆಡಲು ಅಲ್ಲಿ ಬಹಳ ಜನ ಇದ್ದರು: ತಾಳ್ಮೆಯ ಹೆಂಗಸು, ಯಾರ ಮೇಲೂ ಸಿಟ್ಟಾದವಳಲ್ಲ, ಮರೆಯುವ ಗುಣ. ಹತ್ತಿರದಿಂದ ಬಲ್ಲವರು ಸುಮ್ಮನಿದ್ದರು. ಅವಳು ಯಾವುದನ್ನೂ ಮರೆತವಳಲ್ಲ. ಒಬ್ಬನ ಮೇಲೆ ಹಲ್ಲು ಮಸೆದು, ಕಾದು, ಸೇಡು ತೀರಿಸಿಕೊಂಡವಳು. ಅದನ್ನು ಬಿಟ್ಟು ಅವಳ ಕಥೆ ಹೇಳಿದರೆ ಅವಳೇ ಒಪ್ಪುವುದಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ. ಕೆಳಗೆ ಗೋಡೌನು, ಮೇಲೆ ಆಫೀಸು. ಮೆಟ್ಟಿಲು ಹತ್ತಿ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಅವಳ ಮೇಜು, ಮೇಜಿನ ಮೇಲೆ ಫೋನು, ಫೋನಿನ ಪಕ್ಕ ಅವಳು ನೀರು ಹಾಕಿ ಸಾಕಿದ್ದ ಒಂದು ಬಳ್ಳಿ. ಊರಿನಲ್ಲಿ ಎಲ್ಲಿ ಲಿಫ್ಟ್ ಕೆಟ್ಟರೂ ಆ ಫೋನು ಬಡಿದುಕೊಳ್ಳುತ್ತಿತ್ತು. "ಹಲೋ" ಎಂದು ಅವಳು ಹೇಳುವ ರೀತಿಯಲ್ಲೇ ಅರ್ಧ ಜನರ ಸಿಟ್ಟು ಇಳಿಯುತ್ತಿತ್ತು. ಅದಕ್ಕೇ ಮೆಕ್ಯಾನಿಕ್‌ಗಳು ಅವಳಿಗೆ ಹಲೋ ಅಕ್ಕ ಎಂದು ಹೆಸರಿಟ್ಟಿದ್ದರು.

ಅವಳ ಎದುರಿಗೆ, ನೇರಕ್ಕೆ, ಗಾಜಿನ ಕೋಣೆಯೊಂದಿತ್ತು. ಅದರೊಳಗೆ ಸರ್ವಿಸ್ ಮ್ಯಾನೇಜರ್ ಕೂರುತ್ತಿದ್ದ. ಗಾಜಿನ ಹಿಂದೆ ಅವನು ಮಾತಾಡಿದರೆ ಹೊರಗೆ ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಹಾಗಾಗಿ ಅವನ ಹೆಸರು ಮೀನು. ಮೀನಿಗೆ ಫೋನೆಂದರೆ ಆಗುತ್ತಿರಲಿಲ್ಲ. ದೂರು ಕೇಳಿದರೆ ಕೆಲಸ ಮಾಡಬೇಕಾಗುತ್ತದೆ. ಅದಕ್ಕೆ ಅವನು ಬೆರಳಿನ ಭಾಷೆಯೊಂದನ್ನು ಮಾಡಿಕೊಂಡಿದ್ದ. ಫೋನು ಬಂತೆಂದರೆ ಹಲೋ ಅಕ್ಕ ಯಾರದೆಂದು ಜೋರಾಗಿ ಹೇಳಿ ಗಾಜಿನ ಕಡೆ ನೋಡಬೇಕು. ಅಂಗೈ ಅಡ್ಡ ಆಡಿಸಿದರೆ "ಸಾಹೇಬ್ರು ಊರಲ್ಲಿಲ್ಲ." ಮೇಜು ತಟ್ಟಿದರೆ "ಮೀಟಿಂಗ್‌ನಲ್ಲಿದ್ದಾರೆ." ಎರಡು ಬೆರಳನ್ನು ಕಾಲಿನ ಹಾಗೆ ಗಾಳಿಯಲ್ಲಿ ನಡೆಸಿದರೆ "ಮೆಕ್ಯಾನಿಕ್ ಹೊರಟಿದ್ದಾರೆ, ದಾರಿಯಲ್ಲಿದ್ದಾರೆ." ಕಿವಿ ಮುಟ್ಟಿಕೊಂಡರೆ ಮಾತ್ರ ಫೋನು ಒಳಗೆ ಕೊಡಬೇಕು. ಕಿವಿ ಮುಟ್ಟಿಕೊಳ್ಳುತ್ತಿದ್ದದ್ದು ದೊಡ್ಡ ಹೋಟೆಲಿನವರಿಗೆ, ಹೆಂಡತಿಗೆ. ಉಳಿದವರಿಗೆಲ್ಲ ಎರಡು ಬೆರಳು.

ವರ್ಷಗಟ್ಟಲೆ ಅವಳು ಆ ಬೆರಳುಗಳನ್ನು ಓದಿ ಬಾಯಿಂದ ಹೇಳಿದಳು. ಬೈಗುಳ ತಿಂದವಳು ಅವಳು. ಗಾಜಿನ ಹಿಂದೆ ಇದ್ದವನು ಪತ್ರಿಕೆಯ ಪುಟ ತಿರುಗಿಸುತ್ತಿದ್ದ.

ಅವಳನ್ನು ಸಾಕಿದ್ದು ಚಿಕ್ಕಮ್ಮ. ತಾಯಿ ಬೇಗ ಹೋಗಿದ್ದಳು. ಚಿಕ್ಕಮ್ಮ ಒಂದು ಹಳೆಯ ಕಟ್ಟಡದ ಐದನೇ ಮಹಡಿಯಲ್ಲಿ ಒಬ್ಬಳೇ ಇದ್ದಳು. ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿ. ಆ ಕಟ್ಟಡದ ಲಿಫ್ಟು ಇದೇ ಕಂಪನಿಯದು. ಅದು ಕೆಟ್ಟು ನಿಂತಾಗ ಚಿಕ್ಕಮ್ಮ ಕಟ್ಟಡದವರಿಗೆಲ್ಲ ಧೈರ್ಯ ಹೇಳಿದಳು: "ನಮ್ಮ ಹುಡುಗಿ ಅದೇ ಆಫೀಸಲ್ಲಿದ್ದಾಳೆ. ಒಂದು ಮಾತು ಹೇಳಿದ್ರೆ ಸಾಕು."

ಮಾತು ಹೇಳಿದ್ದಾಯಿತು. ಒಂದು ವಾರ ಕಳೆಯಿತು. ಮತ್ತೆ ಹೇಳಿದ್ದಾಯಿತು. ಗಾಜಿನ ಹಿಂದೆ ಎರಡು ಬೆರಳು ನಡೆದವು. ಕೊನೆಗೊಂದು ಬೆಳಿಗ್ಗೆ ಹಲೋ ಅಕ್ಕ ಎದ್ದು ಗಾಜಿನ ಬಾಗಿಲು ತಳ್ಳಿ ಒಳಗೇ ಹೋದಳು.

"ಸಾರ್, ಇದು ನಮ್ಮ ಚಿಕ್ಕಮ್ಮನ ಮನೆ. ನನ್ನನ್ನ ಸಾಕಿದವಳು. ಬೇರೆಯವರಿಗೆ ಹೇಳೋ ಹಾಗೆ ನನಗೆ ಹೇಳ್ಬೇಡಿ. ನಿಜವಾಗ್ಲೂ ಕಳಿಸ್ತೀರಾ?"

ಮೀನು ಪತ್ರಿಕೆ ಕೆಳಗಿಟ್ಟ. "ಏನಮ್ಮ ನೀನು, ನಮ್ಮವರಿಗೆ ಮಾಡ್ದೆ ಇನ್ಯಾರಿಗೆ ಮಾಡ್ಲಿ? ಕಳಿಸಿದ್ದೀನಿ. ಇವತ್ತು ಮಧ್ಯಾಹ್ನ ಅಲ್ಲಿರ್ತಾರೆ. ಧೈರ್ಯವಾಗಿ ಹೇಳು."

ಅವಳು ಧೈರ್ಯವಾಗಿ ಹೇಳಿದಳು. "ಚಿಕ್ಕಮ್ಮ, ಈ ಸಲ ನಿಜವಾಗ್ಲೂ ಹೊರಟಿದ್ದಾರೆ. ಸಾಹೇಬ್ರು ಬಾಯಿಬಿಟ್ಟು ಹೇಳಿದ್ರು."

ಆಮೇಲಿನದನ್ನು ಅವಳಿಗೆ ಹೇಳಿದವನು ಆ ಕಟ್ಟಡದ ಕೆಳಗೆ ಅಂಗಡಿ ಇಟ್ಟುಕೊಂಡಿದ್ದ ದರ್ಜಿ. ಚಿಕ್ಕಮ್ಮ ಕೆಳಗಿಳಿದು ತರಕಾರಿ ತಂದು, ಇನ್ನೇನು ಲಿಫ್ಟು ಸರಿಹೋಗುತ್ತದೆ, ಸುಮ್ಮನೆ ಯಾಕೆ ಹತ್ತಬೇಕು ಎಂದು ದರ್ಜಿಯ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಳಂತೆ. ಮಧ್ಯಾಹ್ನ ಹೋಯಿತು. ಬಿಸಿಲು ಬೆಂಚಿನಿಂದ ಗೋಡೆಗೆ ಏರಿತು. "ಮೇಲೆ ಹೋಗಿ ಊಟ ಮಾಡಿ ಬನ್ನಿ ತಾಯಿ" ಎಂದು ದರ್ಜಿ ಅಂದದ್ದಕ್ಕೆ, "ಹುಡುಗಿ ಹೇಳಿದ್ದಾಳಪ್ಪ, ಬಂದೇ ಬರ್ತಾರೆ" ಎಂದಳಂತೆ. ಸಂಜೆಗೆ ಇನ್ನು ಆಗದೆ ಚೀಲ ಎತ್ತಿಕೊಂಡು ಹತ್ತಿದಳು. ನಾಲ್ಕನೇ ಮಹಡಿಯ ತಿರುವಿನಲ್ಲಿ ಕೂತವಳು ಏಳಲಿಲ್ಲ. ಮೆಟ್ಟಿಲ ಮೇಲೆಲ್ಲ ಈರುಳ್ಳಿ ಉರುಳಿತ್ತು.

ಹೆಣ ಎತ್ತುವ ಮೊದಲು ಹಲೋ ಅಕ್ಕ ಕಟ್ಟಡದವರ ಜೊತೆ ಮಾತಾಡುತ್ತಿದ್ದಾಗ, ಮೂರನೇ ಮಹಡಿಯ ಹೆಂಗಸೊಬ್ಬಳು ಅವಳ ಮುಖವನ್ನೇ ನೋಡಿದಳು. "ನಿಮ್ಮ ಧ್ವನಿ ನಾನು ಕೇಳಿದ್ದೀನಿ" ಎಂದಳು. "ಹೊರಟಿದ್ದಾರೆ, ದಾರಿಯಲ್ಲಿದ್ದಾರೆ ಅಂತ ಹೇಳೋರು ನೀವೇ ಅಲ್ವಾ?"

ಅಷ್ಟೇ. ಹೆಂಗಸು ಬೈಯಲಿಲ್ಲ, ದೂರ ಸರಿದು ನಿಂತಳು. ಹಲೋ ಅಕ್ಕನಿಗೆ ಅಳು ನಿಂತುಹೋಯಿತು. ಮುಂದೆ ಬಹಳ ದಿನ ಅವಳಿಗೆ ಅಳು ಬರಲಿಲ್ಲ. ಅದರ ಜಾಗದಲ್ಲಿ ಬೇರೊಂದು ಬಂದು ಕೂತಿತ್ತು.

ಕಂಪನಿಯ ಹಿರಿಯ ಮೆಕ್ಯಾನಿಕ್ ಆ ಮನೆಗೆ ಬಂದಿದ್ದ. ಅವಳನ್ನು ಹೊರಗೆ ಕರೆದು, ತಲೆ ತಗ್ಗಿಸಿಕೊಂಡು ಹೇಳಿದ: "ಅಕ್ಕ, ನಮಗೆ ಈ ಬಿಲ್ಡಿಂಗ್ ಹೆಸರನ್ನೇ ಯಾರೂ ಹೇಳ್ಲಿಲ್ಲ. ಅವತ್ತು ನಾವೆಲ್ಲ ಕ್ಯಾಂಟೀನಲ್ಲೇ ಇದ್ವಿ."

ಅವಳು ಕೆಲಸಕ್ಕೆ ಹಿಂದಿರುಗಿದ ಬೆಳಿಗ್ಗೆ ಮೀನು ಗಾಜಿನ ಕೋಣೆಯಿಂದ ಹೊರಗೆ ಬಂದು ಅವಳ ಮೇಜಿನ ಪಕ್ಕ ನಿಂತ. "ವಯಸ್ಸಾಗಿತ್ತಲ್ಲಮ್ಮ, ಏನ್ಮಾಡೋಕಾಗುತ್ತೆ" ಎಂದು ಬಳ್ಳಿಯ ಎಲೆಯೊಂದನ್ನು ಕಿತ್ತು, ಉಜ್ಜಿ, ಬಿಸಾಡಿ ಒಳಗೆ ಹೋದ. ಫೋನು ಬಂತು. ಅವಳು ಯಾರದೆಂದು ಹೇಳಿ ಅಭ್ಯಾಸದಂತೆ ಗಾಜಿನ ಕಡೆ ನೋಡಿದಳು. ಎರಡು ಬೆರಳು ನಡೆದವು.

"ಹೊರಟಿದ್ದಾರೆ ಸಾರ್. ದಾರಿಯಲ್ಲಿದ್ದಾರೆ" ಎಂದಳು ಫೋನಿಗೆ. ಪಕ್ಕದ ಮೇಜಿನಲ್ಲಿ ಬಿಲ್ಲು ಬರೆಯುತ್ತಿದ್ದ ಗೆಳತಿ ಆ ಹೊತ್ತು ಅವಳ ಮುಖ ನೋಡಿದಳು. ಸಿಟ್ಟು ಕಾಣಲಿಲ್ಲ. ಮಾರುವ ಸಾಮಾನಿನ ಬೆಲೆ ಕಟ್ಟುವವರ ಹಾಗೆ ಅವಳು ಗಾಜಿನಾಚೆಗೆ ನೋಡುತ್ತಿದ್ದಳು.

"ಬಿಟ್ಟುಬಿಡೇ ಈ ಕೆಲಸ" ಎಂದಳು ಗೆಳತಿ ಊಟದ ಹೊತ್ತಿನಲ್ಲಿ.

"ಬಿಟ್ರೆ ಅವನಿಗೆ ಸಲೀಸು. ನನ್ನ ಜಾಗಕ್ಕೆ ಇನ್ನೊಬ್ಬಳು ಬಂದು ಅವನ ಬೆರಳು ನೋಡ್ತಾ ಕೂರ್ತಾಳೆ."

"ಮತ್ತೇನ್ಮಾಡ್ತೀಯ? ಕಂಪನಿ ಯಜಮಾನ್ರಿಗೆ ಹೇಳ್ತೀಯಾ?"

"ಹೇಳಿದ್ರೆ ಏನಾಗುತ್ತೆ ಗೊತ್ತಾ? 'ಫೋನಿನಲ್ಲಿ ಸುಳ್ಳು ಹೇಳಿದ್ದು ಯಾರು ಕೇಳಿ ಸಾರ್' ಅಂತಾನೆ. ಹೌದಲ್ವಾ? ನನಗೆ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ಗಿರಾಕಿಗಳಿಗೆ ಅವನ ಬಾಯಿಂದ ಒಂದು ಸುಳ್ಳೂ ಹೋಗಿಲ್ಲ ಕಣೆ. ಎಲ್ಲಾ ನನ್ನ ಬಾಯಿಂದ." ಡಬ್ಬಿಯ ಮುಚ್ಚಳ ಹಾಕಿದಳು. "ಅವನ ಬಾಯಿಂದ ಬರ್ಬೇಕು. ಕೇಳೋರ ಮುಂದೆ ಬರ್ಬೇಕು. ಅಲ್ಲೀತನಕ ನಾನು ಎಲ್ಲೂ ಹೋಗಲ್ಲ."

ದಾರಿ ಮಾಡಿಕೊಟ್ಟವನು ಮೀನೇ. ಗಾಜಿನ ಕೋಣೆ ಅವನಿಗೆ ಸಾಕಾಗಿತ್ತು. ಮೆಟ್ಟಿಲು ಹತ್ತಿ ಬಂದ ಗಿರಾಕಿಗಳು ಅವನನ್ನು ಕಂಡು, "ಊರಲ್ಲಿಲ್ಲ ಅಂದ್ರಿ, ಇಲ್ಲೇ ಕೂತಿದ್ದಾರಲ್ಲ" ಎಂದು ಜಗಳ ತೆಗೆಯುತ್ತಿದ್ದರು. ಅವನು ಯಜಮಾನರ ಹತ್ತಿರ ಹೋಗಿ, ಕಾಲ ಬದಲಾಗಿದೆ, ಮ್ಯಾನೇಜರ್ ಅಂದವನು ಗೋಡೌನು, ವರ್ಕ್‌ಶಾಪು ಎಲ್ಲಾ ಕಡೆ ಓಡಾಡಬೇಕು, ವಯರಿಲ್ಲದ ಫೋನು ತರಿಸಬೇಕು ಎಂದ. ಯಜಮಾನರಿಗೆ ಹೊಸದೆಂದರೆ ಮಕ್ಕಳ ಹಾಗೆ ಖುಷಿ. ಪೆಟ್ಟಿಗೆ ಬಂತು. ತಂದ ಅಂಗಡಿಯವನು ಲೈನಿನ ವಯರು ಸಿಕ್ಕಿಸಿ, "ಪುಸ್ತಕದಲ್ಲಿ ಎಲ್ಲಾ ಇದೆ ಮೇಡಂ" ಎಂದು ಮೆಟ್ಟಿಲಿಳಿದ.

ಪೆಟ್ಟಿಗೆಯಲ್ಲಿ ಬೇಸ್ ಎಂಬ ಕಪ್ಪು ಡಬ್ಬಿಯೊಂದಿತ್ತು. ಮೂರು ಹ್ಯಾಂಡ್‌ಸೆಟ್, ಅವನ್ನು ಮಲಗಿಸಲು ಮೂರು ಚಾರ್ಜರ್ ತೊಟ್ಟಿಲು. ಒಂದು ಅವಳಿಗೆ, ಒಂದು ಮೀನಿಗೆ, ಒಂದು ಯಜಮಾನರಿಗೆ. ಹಲೋ ಅಕ್ಕ ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿದಳು. ಬ್ಯಾಟರಿಯ ಜಾಗಕ್ಕೆ ಮುಚ್ಚಳ ಹಾಕಿ, ಮೂರನ್ನೂ ತೊಟ್ಟಿಲಲ್ಲಿ ಮಲಗಿಸಿ ಮನೆಗೆ ಹೋದಳು. ಬೆಳಿಗ್ಗೆ ಬಂದು ನೋಡಿದರೆ ಮೂರೂ ಸತ್ತ ಹಾಗೆ ಬಿದ್ದಿದ್ದವು.

"ಆಯ್ತಲ್ಲ" ಎಂದ ಮೀನು. "ನಿನಗೆ ವಯರಿರೋದೇ ಸರಿ ಕಣಮ್ಮ. ಕಟ್ಟಿಹಾಕಿದ್ರೆ ಎಲ್ಲೂ ಹೋಗಲ್ಲ."

ಅವಳು ಮುಚ್ಚಳ ಬಿಚ್ಚಿದಳು. ಬ್ಯಾಟರಿಗೂ ತಗಡಿಗೂ ನಡುವೆ ಉಗುರಗಲದ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ಇತ್ತು. ಅದನ್ನು ಎಳೆದು ತೆಗೆಯಬೇಕೆಂದು ಪುಸ್ತಕದಲ್ಲಿ ಬಾಣದ ಗುರುತಿನ ಚಿತ್ರವೇ ಇತ್ತು. ಎರಡು ಪುಟ ಅಂಟಿಕೊಂಡಿದ್ದರಿಂದ ಅವಳು ಅದನ್ನು ಹಾರಿಸಿದ್ದಳು. ಎಳೆದಳು. ಇಡೀ ದಿನ ಚಾರ್ಜಿಗೆ ಬಿಟ್ಟಳು. ಸಂಜೆ ಮೂರರ ಮುಖದಲ್ಲೂ ಬೆಳಕು ಬಂತು.

ಮಾರನೆಯ ದಿನ ಒಂದೊಂದನ್ನೇ ಬೇಸಿಗೆ ಪರಿಚಯ ಮಾಡಿಸಬೇಕಾಗಿತ್ತು. ಬೇಸಿನ ಗುಂಡಿ ಒತ್ತಿ ಹಿಡಿದರೆ ದೀಪ ಮಿಟುಕುತ್ತದೆ. ಅದು ಮಿಟುಕುತ್ತಿರುವಾಗಲೇ ಹ್ಯಾಂಡ್‌ಸೆಟ್‌ನಲ್ಲಿ ಸೊನ್ನೆಗಳ ಗುಟ್ಟಿನ ನಂಬರು ಒತ್ತಿ ಕಾಯಬೇಕು. ಅವಳದು ಮೊದಲ ಸಲಕ್ಕೇ ಟಿಣ್ ಎಂದಿತು. ಯಜಮಾನರದೂ ಒಪ್ಪಿತು. ಮೀನಿನದು ಮಾತ್ರ ಹಟ ಮಾಡಿತು. ಅವಳು ನಂಬರು ಒತ್ತುವಷ್ಟರಲ್ಲಿ ದೀಪ ನಿಂತುಹೋಗಿ, ಬೇಸ್ ಸಿಗುತ್ತಿಲ್ಲ ಎಂದು ಬರೆದು ತೋರಿಸಿತು.

"ಮಾಲೀಕನ ಬುದ್ಧಿ ಈಗ್ಲೇ ಬಂದಿದೆ ನೋಡು ಇದಕ್ಕೆ" ಎಂದಳು ಗೆಳತಿಗೆ. "ಕರೆದ್ರೆ ಸಿಗಲ್ಲ ಅನ್ನುತ್ತೆ."

ಮತ್ತೆ ಒತ್ತಿದಳು. ಟಿಣ್ ಎಂದಿತು. ಪ್ರತಿ ಹ್ಯಾಂಡ್‌ಸೆಟ್‌ಗೂ ಹೆಸರು ಬರೆಯಬಹುದಿತ್ತು. ಮೀನು ಎಂದು ಬರೆಯಲು ಅವಳ ಬೆರಳು ತುರಿಸಿತು. ತಡೆದುಕೊಂಡು ಸರ್ವಿಸ್ ಎಂದು ಬರೆದಳು.

ಪುಸ್ತಕದ ಕೊನೆಯ ಕಡೆ ಒಂದು ಪುಟದಲ್ಲಿ ಅವಳು ಬಹಳ ಹೊತ್ತು ನಿಂತಳು. ಒಂದು ಹ್ಯಾಂಡ್‌ಸೆಟ್ ಎತ್ತದೆ ಹೋದರೆ ಆ ಕರೆ ಯಾವುದಕ್ಕೆ ಹೋಗಬೇಕೆಂದು ಮೊದಲೇ ಹೇಳಿಡಬಹುದೆಂದು ಅಲ್ಲಿ ಬರೆದಿತ್ತು. ಅದನ್ನು ತನಗೇ ವಾಪಸು ಬರುವ ಹಾಗೆ ಮಾಡಿಕೊಂಡರೆ ಎಲ್ಲಾ ಹಳೆಯ ಹಾಗೇ ಇರುತ್ತಿತ್ತು. ಪುಸ್ತಕ ಹಿಡಿದುಕೊಂಡೇ ಯಜಮಾನರ ಕೋಣೆಗೆ ಹೋದಳು. ಮೀನೂ ಅಲ್ಲೇ ಕೂತು ತನ್ನ ಹೊಸ ಹ್ಯಾಂಡ್‌ಸೆಟ್‌ನ ರಿಂಗಿನ ರಾಗಗಳನ್ನು ಒಂದೊಂದಾಗಿ ಕೇಳುತ್ತಿದ್ದ.

"ಸಾರ್, ಸರ್ವಿಸ್ ಸಾಹೇಬ್ರು ಫೋನ್ ಎತ್ತದಿದ್ರೆ ಯಾರಿಗೆ ಹೋಗ್ಬೇಕು ಅಂತ ಈ ಮೆಷಿನ್ನು ಕೇಳ್ತಿದೆ."

"ಯಾಕೆ ಎತ್ತಲ್ಲ?" ಎಂದರು ಯಜಮಾನರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಕೆಲಸದಲ್ಲಿರ್ತಾರೆ, ಒಂದೊಂದ್ಸಲ ಆಗಲ್ಲ."

"ಹಾಗಾದ್ರೆ ನನಗೇ ಬರ್ಲಿ ಬಿಡಮ್ಮ. ಗಿರಾಕಿ ಕಾಯ್ಬಾರ್ದು. ಏನಪ್ಪಾ?"

"ಹೌದು ಸಾರ್, ಒಳ್ಳೇದೇ" ಎಂದ ಮೀನು, ಹಕ್ಕಿಯ ಕೂಗಿನಂಥ ರಾಗವೊಂದನ್ನು ಆರಿಸಿಕೊಳ್ಳುತ್ತಾ. ಅವನು ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸವೇ ಇರಲಿಲ್ಲ.

ಹಲೋ ಅಕ್ಕ ತನ್ನ ಮೇಜಿಗೆ ಬಂದು ಗುಂಡಿಗಳನ್ನು ಒತ್ತಿದಳು. ಆ ಸಂಜೆ ಬಳ್ಳಿಗೆ ನೀರು ಹಾಕುವಾಗ ಯಾವುದೋ ಹಾಡು ಗುನುಗುತ್ತಿದ್ದಳೆಂದು ಗೆಳತಿಗೆ ನೆನಪು.

ಮೊದಲ ದಿನವೇ ಮೀನು ಹ್ಯಾಂಡ್‌ಸೆಟ್ ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಯಾಂಟೀನಿಗೆ ಹೋಗಿ ಕೂತ. ಗಾಜಿನ ಕೋಣೆ ಖಾಲಿ. ಫೋನು ಬಂತು. ಹಲೋ ಅಕ್ಕ, "ಇದ್ದಾರೆ ಸಾರ್, ಕೊಡ್ತೀನಿ" ಎಂದು ನೇರ ಅವನ ಸೊಂಟಕ್ಕೆ ಕೊಟ್ಟಳು. ಕ್ಯಾಂಟೀನಿನಲ್ಲಿ ಹಕ್ಕಿ ಕೂಗಿತು. ಆ ಗಿರಾಕಿಯ ಕೈಯಲ್ಲಿ ಅವನು ಕಾಲು ಗಂಟೆ ಬೈಸಿಕೊಂಡ. ಮೆಟ್ಟಿಲು ಎರಡೆರಡು ಹತ್ತಿಕೊಂಡು ಬಂದ.

"ಯಾಕೆ ಕೊಟ್ಟೆ?"

"ನೀವು ಬೆರಳು ತೋರಿಸ್ಲಿಲ್ಲ ಸಾರ್."

"ನಾನು ಕೆಳಗಿದ್ದೆ!"

"ಅದೇ ಸಾರ್. ಕಾಣ್ಲಿಲ್ಲ."

ಅವನು ಅವಳನ್ನೇ ನೋಡಿದ. ಅವಳ ಮುಖ ಫೋನಿನಲ್ಲಿ ಕೇಳಿಸುವ ಧ್ವನಿಯ ಹಾಗೇ ಇತ್ತು. "ಇನ್ಮೇಲೆ ಮೊದ್ಲು ನನ್ನನ್ನ ಕೇಳು. ನಾನು ಹೇಳಿದ್ದನ್ನ ಅವ್ರಿಗೆ ಹೇಳು" ಎಂದ.

"ಆಯ್ತು ಸಾರ್."

ಅವಳಿಗೆ ಬೇಕಾಗಿದ್ದದ್ದೂ ಅದೇ. ಮಾರನೆಯ ದಿನ ಮೀನು ಮತ್ತೆ ಕ್ಯಾಂಟೀನಿನಲ್ಲಿದ್ದಾಗ ಹಕ್ಕಿ ಕೂಗಿತು. ಅಲ್ಲಿ ಮೆಕ್ಯಾನಿಕ್‌ಗಳು ಟೀ ಲೋಟ ಹಿಡಿದು ಸುತ್ತ ಕೂತಿದ್ದರು. ಗಾಜಿನ ಹಿಂದೆ ಬೆರಳಾಡಿಸಿದರೆ ಮುಗಿಯುತ್ತಿದ್ದದ್ದನ್ನು ಈಗ ಬಾಯಿಬಿಟ್ಟು ಹೇಳಬೇಕಾಗಿತ್ತು.

"ಸಾರ್, ಕಣ್ಣಾಸ್ಪತ್ರೆಯಿಂದ ಫೋನು. ಲಿಫ್ಟ್ ನಿಂತಿದೆಯಂತೆ. ಏನು ಹೇಳ್ಲಿ?"

ಮೀನು ಆಚೀಚೆ ನೋಡಿ ಪಿಸುಗುಟ್ಟಿದ.

"ಕೇಳಿಸ್ಲಿಲ್ಲ ಸಾರ್."

"ಮೆಕ್ಯಾನಿಕ್ ಹೊರಟಿದ್ದಾರೆ ಅಂತ ಹೇಳು!"

ಮೆಕ್ಯಾನಿಕ್‌ಗಳು ಲೋಟ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯ ಮೆಕ್ಯಾನಿಕ್ ಗಂಭೀರವಾಗಿ, "ಯಾರಪ್ಪಾ ಹೊರಟಿರೋರು? ಎಲ್ರೂ ಇಲ್ಲೇ ಇದ್ದೀವಲ್ಲ. ಬಿಸ್ಕತ್ತು ಮಾತ್ರ ಹೊರಡ್ತಾ ಇದೆ" ಎಂದ. ನಗು ಕ್ಯಾಂಟೀನಿನ ಗೋಡೆ ದಾಟಿ ಮೇಲಿನ ಆಫೀಸಿಗೂ ಕೇಳಿಸಿತು. ಹಲೋ ಅಕ್ಕ ನಗಲಿಲ್ಲ. ಕಣ್ಣಾಸ್ಪತ್ರೆಯವರಿಗೆ, "ಮೆಕ್ಯಾನಿಕ್ ಹೊರಟಿದ್ದಾರೆ ಅಂತ ಸಾಹೇಬ್ರು ಹೇಳ್ತಿದ್ದಾರೆ" ಎಂದಳು. ಕೊನೆಯ ಎರಡು ಪದಗಳು ಹೊಸವು. ಅವತ್ತಿನಿಂದ ಅವಳು ಅವನ್ನು ಯಾವತ್ತೂ ಬಿಡಲಿಲ್ಲ.

ಆಮೇಲೆ ಬೇಟೆಯೇ ನಡೆಯಿತು ಅನ್ನಬೇಕು. ಮೀನು ಹ್ಯಾಂಡ್‌ಸೆಟ್ಟನ್ನು ಡ್ರಾಯರಿನಲ್ಲಿ ಹಾಕಿ ಹೋಗುವುದನ್ನು ಕಲಿತ. ಬೇಸಿನಲ್ಲಿ ಕಳೆದುಹೋದ ಹ್ಯಾಂಡ್‌ಸೆಟ್ ಹುಡುಕುವ ಗುಂಡಿಯೊಂದಿತ್ತು. ಅವಳು ಅದನ್ನು ಒತ್ತಿ ಹಿಡಿದರೆ ಡ್ರಾಯರಿನೊಳಗೆ ಹಕ್ಕಿ ಬಾಯಿ ಬಡಿದುಕೊಳ್ಳುತ್ತಿತ್ತು. ಆಫೀಸಿನವರೆಲ್ಲ ತಲೆ ಎತ್ತುತ್ತಿದ್ದರು. "ಸಾರ್, ನಿಮ್ಮ ಫೋನು ಕಳೆದುಹೋಗಿತ್ತು, ಸಿಕ್ತು" ಎಂದು ಅವಳೇ ಗೋಡೌನಿಗೆ ಇಳಿದು ಅವನ ಕೈಗೆ ಕೊಟ್ಟು ಬರುತ್ತಿದ್ದಳು. ಅವನು ಚಾರ್ಜಿಗೆ ಇಡುವುದನ್ನು ಬಿಟ್ಟ. ದಿನಾ ಮನೆಗೆ ಹೋಗುವ ಮೊದಲು ಅವಳು ತಾಯಿಯ ಹಾಗೆ ಅದನ್ನು ತೊಟ್ಟಿಲಲ್ಲಿ ಮಲಗಿಸಿ ಹೋಗುತ್ತಿದ್ದಳು.

ಕೊನೆಗೆ ಅವನಿಗೆ ಗೇಟಿನ ಹೊರಗಿನ ಜಾಗ ಸಿಕ್ಕಿತು. ಅಲ್ಲಿ ಒಂದು ಮರದ ಕೆಳಗೆ ನಿಂತರೆ ಹ್ಯಾಂಡ್‌ಸೆಟ್ ಕುಂಯ್ ಕುಂಯ್ ಎಂದು ದೂರ ಬಂದೆ ಎಂದು ಹೇಳಿ ಸುಮ್ಮನಾಗುತ್ತಿತ್ತು. ಮೀನು ಅಲ್ಲಿ ಸಿಗರೇಟು ಸೇದುತ್ತಾ ಆರಾಮವಾಗಿ ನಿಲ್ಲತೊಡಗಿದ. ಅಲ್ಲಿಗೆ ಮುಟ್ಟದ ಕರೆಗಳು ಎಲ್ಲಿಗೆ ಹೋಗುತ್ತವೆ ಎಂದು ಅವನು ಯೋಚಿಸಲಿಲ್ಲ. ವರ್ಷಗಟ್ಟಲೆ ಅವು ಎಲ್ಲಿಗೂ ಹೋಗಿರಲಿಲ್ಲವಲ್ಲ.

ಮೊದಮೊದಲು ಸಣ್ಣಪುಟ್ಟ ಕರೆಗಳನ್ನು ಅವಳು ಆ ಹೊತ್ತಿನಲ್ಲಿ ತಡೆದು, "ಒಂದು ಗಳಿಗೆ ಬಿಟ್ಟು ಮಾಡಿ" ಎನ್ನುತ್ತಿದ್ದಳು. ಯಜಮಾನರಿಗೆ ಸಣ್ಣದು ಹೋಗಬಾರದು. ಹೋದರೆ ಮೀನು ಏನೋ ನೆಪ ಹೇಳಿ, ಕ್ಷಮೆ ಕೇಳಿ, ಎಚ್ಚರವಾಗಿಬಿಡುತ್ತಾನೆ. ಒಂದೇ ಕರೆ ಹೋಗಬೇಕು. ಅದು ಯಾವುದೆಂದು ಅವಳಿಗೆ ಗೊತ್ತಿತ್ತು. ಚಿಕ್ಕಮ್ಮ ಹೋಗಿ ತಿಂಗಳುಗಳಾದರೂ ಆ ಕಟ್ಟಡದ ಲಿಫ್ಟು ಇನ್ನೂ ನೆಲದ ಹತ್ತಿರ ಬಾಗಿಲು ಅರೆ ತೆರೆದುಕೊಂಡು ನಿಂತೇ ಇತ್ತು. ಒಂದು ಭಾನುವಾರ ಅವಳು ದರ್ಜಿಯ ಅಂಗಡಿಗೆ ಹೋಗಿ ಅದೇ ಬೆಂಚಿನ ಮೇಲೆ ಕೂತಳು.

"ಮಾಮ, ನಾಳೆ ಬೆಳಿಗ್ಗೆ ಟೀ ಹೊತ್ತಿಗೆ ಆಫೀಸಿಗೆ ಫೋನ್ ಮಾಡಿ."

"ಮಾಡಿ ಏನು ಪ್ರಯೋಜನ ತಾಯಿ? ಹೊರಟಿದ್ದಾರೆ ಅಂತೀಯ."

"ನಾನು ಅನ್ನಲ್ಲ. ಒಬ್ಬರಿಗೆ ಕೊಡ್ತೀನಿ. ಅವರಿಗೆ ನಡೆದದ್ದು ಹೇಳಿ. ಬೆಂಚು, ಚೀಲ, ಎಲ್ಲಾ."

ದರ್ಜಿ ಹೊಲಿಗೆಯಿಂದ ತಲೆ ಎತ್ತಿ ಅವಳನ್ನು ನೋಡಿದ. "ಬೈಯ್ಬೇಕಾ?"

"ಬೇಡ. ಬೈದ್ರೆ ಅವರು ಬೈಗುಳ ಮಾತ್ರ ಕೇಳಿಸ್ಕೋತಾರೆ."

ಸೋಮವಾರ ಮೀನು ಸಿಗರೇಟು ಪೊಟ್ಟಣ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಹಲೋ ಅಕ್ಕ ಕಿಟಕಿಯಿಂದ ನೋಡಿದಳು. ಅವನು ಗೇಟು ದಾಟಿ ಮರದ ಕೆಳಗೆ ನಿಂತು ಕಡ್ಡಿ ಗೀರಿದ. ಫೋನು ಬಂತು. ಅವಳು ನಿಯಮ ತಪ್ಪಲಿಲ್ಲ. ಮೀನಿನ ಹ್ಯಾಂಡ್‌ಸೆಟ್‌ಗೇ ಕೊಟ್ಟಳು. ಅದು ಸಿಗಲಿಲ್ಲ. ಆಮೇಲೆ ಯಜಮಾನರ ಕೋಣೆಯಲ್ಲಿ ರಿಂಗಾಯಿತು.

ಯಜಮಾನರು ಎತ್ತಿದ್ದು ಕೇಳಿಸಿತು. "ಹೇಳಿ, ನಮಸ್ಕಾರ" ಎಂದದ್ದು ಕೇಳಿಸಿತು. ಆಮೇಲೆ ಅವರ ಮಾತು ಕೇಳಿಸಲಿಲ್ಲ. ದರ್ಜಿ ಬೈಯಲಿಲ್ಲ. ಬಟ್ಟೆ ಅಳೆಯುವವನ ಹಾಗೆ ಎಲ್ಲವನ್ನೂ ಒಂದೊಂದಾಗಿ ಹೇಳಿದ. ಕೊನೆಗೆ ಅವನು ಕೇಳಿದ್ದು ಇಷ್ಟಂತೆ: "ಆ ತಾಯಿ ಸತ್ತ ದಿನ ಹೊರಟ ಮೆಕ್ಯಾನಿಕ್ಕು ಇನ್ನೂ ನಮ್ಮಲ್ಲಿಗೆ ಬಂದಿಲ್ಲ ಸಾರ್. ದಾರೀಲಿ ಅವರಿಗೇನಾದ್ರೂ ಆಯ್ತಾ?"

ಬಹಳ ಹೊತ್ತಿನ ಮೇಲೆ ಯಜಮಾನರ ಕೋಣೆಯಿಂದ ಕರೆ ಬಂತು. ಅವರು ಹ್ಯಾಂಡ್‌ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. "ಇದನ್ನ ಹೇಗಮ್ಮ ಇಡೋದು?" ಎಂದರು. ಅವಳು ಕೆಂಪು ಗುಂಡಿ ಒತ್ತಿ ತೊಟ್ಟಿಲಲ್ಲಿ ಇಟ್ಟಳು.

"ಸತ್ತೋರು ನಿನ್ನ ಚಿಕ್ಕಮ್ಮನಾ?"

"ಹೌದು ಸಾರ್."

"ಮೆಕ್ಯಾನಿಕ್ ಹೊರಟಿದ್ದಾರೆ ಅಂತ ನೀನೇ ಹೇಳಿದ್ಯಾ?"

"ನಾನೇ ಹೇಳಿದೆ ಸಾರ್."

ಅಷ್ಟರಲ್ಲಿ ಮೀನೂ ಬಂದ, ಸಿಗರೇಟಿನ ವಾಸನೆಯ ಜೊತೆ. ವಿಷಯ ತಿಳಿದದ್ದೇ ತಡ, ಹಲೋ ಅಕ್ಕ ಗೆಳತಿಗೆ ಹೇಳಿದ್ದ ಮಾತನ್ನೇ ಅವನು ಅಕ್ಷರ ಬಿಡದೆ ಆಡಿದ. "ಫೋನಿನಲ್ಲಿ ಸುಳ್ಳು ಹೇಳಿದ್ದು ಯಾರು ಕೇಳಿ ಸಾರ್. ನಾನು ಒಬ್ಬ ಗಿರಾಕಿಗಾದ್ರೂ ಹಾಗೆ ಹೇಳಿದ್ದೀನಾ? ಮಾತಾಡೋದೆಲ್ಲ ಇವ್ರು."

"ನಿಜ ಸಾರ್" ಎಂದಳು ಹಲೋ ಅಕ್ಕ. "ಅವರು ಬಾಯಿಂದ ಹೇಳಲ್ಲ. ಹೀಗೆ ಹೇಳ್ತಾರೆ." ಬಲಗೈ ಎತ್ತಿ ಎರಡು ಬೆರಳನ್ನು ಗಾಳಿಯಲ್ಲಿ ನಡೆಸಿದಳು.

"ಏನಿದು? ಏನೇನೋ ಕಟ್ಟಿ ಹೇಳ್ತಿದ್ದಾಳೆ ಸಾರ್" ಎಂದ ಮೀನು.

ಯಜಮಾನರು ಅವರಿಬ್ಬರನ್ನೂ ನೋಡಿ, ಹಿರಿಯ ಮೆಕ್ಯಾನಿಕ್‌ಗೆ ಹೇಳಿಕಳಿಸಿದರು. ಅವನು ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತ. ಯಜಮಾನರು ಏನೂ ಹೇಳದೆ ತಮ್ಮ ಎರಡು ಬೆರಳನ್ನು ಹಾಗೇ ನಡೆಸಿ, "ಇದೇನಪ್ಪಾ?" ಎಂದರು.

"ಅದಾ ಸಾರ್? ನಾವು ಹೊರಟಿದ್ದೀವಿ ಅಂತ" ಎಂದ ಅವನು, ಯೋಚಿಸದೆ. "ಅಂದ್ರೆ ಟೀ ಕುಡೀತಾ ಕೂತಿದ್ದೀವಿ ಅಂತ."

ಮೀನಿನ ಬಾಯಿ ತೆರೆದು ಮುಚ್ಚಿತು. ಈ ಸಲ ನಡುವೆ ಗಾಜಿರಲಿಲ್ಲ. ಆದರೂ ಏನೂ ಕೇಳಿಸಲಿಲ್ಲ.

"ಇವತ್ತೇ ಹೋಗಿ ಆ ಲಿಫ್ಟು ನಡೆಸಿ ಬಾ" ಎಂದರು ಯಜಮಾನರು ಮೆಕ್ಯಾನಿಕ್‌ಗೆ. ಆಮೇಲೆ ಹಲೋ ಅಕ್ಕನ ಕಡೆ ತಿರುಗಿದರು. ಅವರ ಧ್ವನಿ ಸಣ್ಣಗಾಗಿತ್ತು. "ಇವರನ್ನ ಕೆಲಸದಿಂದ ತೆಗೆದುಬಿಡ್ತೀನಮ್ಮ."

"ಬೇಡ ಸಾರ್."

ಮೀನು ಆಸೆಯಿಂದ ಅವಳ ಕಡೆ ನೋಡಿದ. ಹೆಂಗಸಲ್ಲವೇ, ಕರಗಿದಳು ಎಂದುಕೊಂಡಿರಬೇಕು.

"ತೆಗೆದ್ರೆ ಇನ್ನೊಂದು ಕಡೆ ಹೋಗಿ ಇನ್ನೊಂದು ಗಾಜಿನ ಹಿಂದೆ ಕೂತ್ಕೋತಾರೆ" ಎಂದಳು ಅವಳು. "ನನ್ನ ಕುರ್ಚಿ ಕೊಡಿ ಸಾರ್ ಇವರಿಗೆ. ಗಿರಾಕಿಗಳ ಹತ್ರ ಇವರೇ ಮಾತಾಡ್ಲಿ. ನಾನು ಇವರ ಕುರ್ಚೀಲಿ ಕೂರ್ತೀನಿ."

ಹಾಗೇ ಆಯಿತು. ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದವರಿಗೆ ಮೊದಲು ಕಂಡದ್ದು ಬಳ್ಳಿಯ ಪಕ್ಕ ಕೂತ ಮೀನು. ಗಾಜಿನ ಕೋಣೆಯ ದೊಡ್ಡ ಕುರ್ಚಿಯಲ್ಲಿ ಹಲೋ ಅಕ್ಕ. ಅವಳ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಸರ್ವಿಸ್ ಎಂದು ಹೆಸರಿದ್ದ ಹ್ಯಾಂಡ್‌ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಗಾಜಿನಾಚೆಗೆ ನೋಡುತ್ತಾ ಕೂತಳು. ಫೋನು ಒಂದಾದ ಮೇಲೊಂದು ಬಂತು. ಒಬ್ಬ ಗಿರಾಕಿ ಅವನ ಅಪ್ಪನನ್ನು ಬೈದ. ಇನ್ನೊಬ್ಬಳು ಅತ್ತಳು. ಶಾಲೆಯೊಂದರವರು ಬಹಳ ಮರ್ಯಾದೆಯಿಂದ ಮಾತಾಡಿ, ಕೊನೆಗೆ ಅವನ ಹೆಸರು ಕೇಳಿ ಬರೆದುಕೊಂಡರು. ಅವನ ಕಂಕುಳು ಒದ್ದೆಯಾದದ್ದು ದೂರಕ್ಕೂ ಕಾಣುತ್ತಿತ್ತು. ಎರಡು ಮೂರು ಸಲ ಅವನು ಅರಿವಿಲ್ಲದೆ ತಿರುಗಿ ಗಾಜಿನ ಕಡೆ ನೋಡಿದ. ಅವಳು ಪತ್ರಿಕೆಯ ಪುಟ ತಿರುಗಿಸಿದಳು.

ಮಧ್ಯಾಹ್ನ, ಕರೆಗಳು ಸ್ವಲ್ಪ ನಿಂತಾಗ, ಅವಳು ಹ್ಯಾಂಡ್‌ಸೆಟ್ ಎತ್ತಿ ಒಂದು ಗುಂಡಿ ಒತ್ತಿದಳು. ಮೀನಿನ ಮುಂದಿನ ಫೋನು ರಿಂಗಾಯಿತು.

"ಹಲೋ" ಎಂದ ಅವನು, ಸುಸ್ತಾದ ಧ್ವನಿಯಲ್ಲಿ.

"ಐದನೇ ಮಹಡಿಯವಳು ಮಾತಾಡ್ತಿದ್ದೀನಪ್ಪಾ" ಎಂದಳು ಅವಳು. ಅದು ಅವಳ ಧ್ವನಿಯೇ ಆಗಿತ್ತು, ಮಾತಿನ ಧಾಟಿ ಮಾತ್ರ ಚಿಕ್ಕಮ್ಮನದು. "ಕೆಳಗೆ ಬೆಂಚಿನ ಮೇಲೆ ಕೂತಿದ್ದೀನಿ. ಮೆಕ್ಯಾನಿಕ್ ಹೊರಟ್ರಾ?"

ಮೀನು ತಿರುಗಿ ನೋಡಿದ. ಗಾಜಿನ ಹಿಂದೆ ಅವಳು ಅವನನ್ನೇ ನೋಡುತ್ತಾ ಬಲಗೈ ಎತ್ತಿದಳು. ಎರಡು ಬೆರಳು ನಿಧಾನವಾಗಿ ಗಾಳಿಯಲ್ಲಿ ನಡೆದವು.

ಮೀನು ಫೋನು ಕಿವಿಗೆ ಒತ್ತಿಕೊಂಡೇ ಇದ್ದ. "ನನಗೆ..." ಎಂದ. "ನಾನು ಯಾರನ್ನೂ ಕಳಿಸ್ಲಿಲ್ಲ" ಎಂದ. ಆ ಮಾತನ್ನು ಮೆಟ್ಟಿಲ ಬಳಿ ನಿಂತಿದ್ದ ಮೆಕ್ಯಾನಿಕ್‌ಗಳು ಕೇಳಿದರು, ಬಿಲ್ಲು ಬರೆಯುತ್ತಿದ್ದ ಗೆಳತಿ ಕೇಳಿದಳು, ಬಾಗಿಲಲ್ಲಿದ್ದ ಯಜಮಾನರೂ ಕೇಳಿದರು.

ಹಲೋ ಅಕ್ಕ ಕೆಂಪು ಗುಂಡಿ ಒತ್ತಲಿಲ್ಲ. ಲೈನು ಹಾಗೇ ತೆರೆದಿಟ್ಟುಕೊಂಡು, ಬೆರಳು ಇಳಿಸದೆ, ಅವನನ್ನು ನೋಡುತ್ತಲೇ ಕೂತಳು.

ಸಂಜೆ ಬಸ್ಸಿಗೆ ಕಾಯುವಾಗ ಗೆಳತಿ ಕೇಳಿದಳು, "ಸಮಾಧಾನ ಆಯ್ತೇನೇ?"

ಬಸ್ಸು ಬಂತು. ಹಲೋ ಅಕ್ಕ ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಚೀಲವನ್ನು ಮಡಿಲಲ್ಲಿಟ್ಟುಕೊಂಡ ಮೇಲೆ ಉತ್ತರ ಕೊಟ್ಟಳು.

"ಇಲ್ಲ. ನಾಳೆನೂ ಕೂರ್ಲಿ ಅಲ್ಲೇ."